ಮೊದಲು ಅಕ್ಕನ ಹಾಡು

ನಾನು ಒಂದು ಹಾರ್ಡ್ ಡಿಸ್ಕ್. ಧೂಳಿನ ಕಣವೂ ನುಸುಳದ ಕೋಣೆಯಲ್ಲಿ ಹುಟ್ಟಿದೆ. ಕನ್ನಡಿಯಂಥ ತಟ್ಟೆಗಳು, ಅವುಗಳಿಗೆ ತಾಕದಂತೆ ಮೇಲೆ ಓಡಾಡುವ ಸೂಕ್ಷ್ಮ ತೋಳು, ಇಷ್ಟೇ ನನ್ನ ಮೈ. ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ವಿಜಯಪುರದ ಮೆಹಬೂಬ್ ಮುಲ್ಲಾ ತನ್ನ ರೆಕಾರ್ಡಿಂಗ್ ಕೋಣೆಗೆ ಕೊಂಡ ಕಂಪ್ಯೂಟರಿನೊಳಗೆ ನಾನು ಬಂದೆ. ಅವನು ಮೊದಲು ನನ್ನಲ್ಲಿ ತುಂಬಿದ್ದು ತನ್ನ ತಂದೆಯ ಶಹನಾಯಿ. ಮರುವರ್ಷವೇ ಆ ಮುದುಕ ತೀರಿಕೊಂಡ. ಆಮೇಲೆ ತತ್ವಪದ ಹಾಡುವ ಗುರುಬಾಯಿ ಬಂದರು. ಅವರ ದನಿ ಏರಿದರೆ ಕೋಣೆಯ ಗಾಜು ನಡುಗುತ್ತಿತ್ತು.

ಹೊಸ ಕಂಪ್ಯೂಟರ್ ಬಂದಾಗ ನನ್ನನ್ನು ಅಟ್ಟಕ್ಕೇರಿಸಿದರು. ನನ್ನಲ್ಲಿದ್ದುದರ ನಕಲನ್ನು ಮೆಹಬೂಬ್ ಮಾಡಿಟ್ಟಿರಲಿಲ್ಲ. ಅಲ್ಲಿಯ ಸೆಕೆಯಲ್ಲಿ ನಾನು ಚಡಪಡಿಸುತ್ತ ಬಿದ್ದಿದ್ದೆ.

ವರ್ಷಗಳ ನಂತರ ಕೆಳಗಿಳಿಸಿದಾಗ ಎದುರಿಗೆ ಗುರುಬಾಯಿ ನಿಂತಿದ್ದರು. ಗಂಟಲಿನ ಆಪರೇಷನ್ನಿನಲ್ಲಿ ಅವರ ದನಿಯೇ ಹೋಗಿತ್ತು. ಜೊತೆಯಲ್ಲಿದ್ದ ಶಿಷ್ಯೆ ನೀಲವ್ವ ಹೇಳಿದಳು, "ನಾವು ಕಲಿಯೂದು ಇನ್ನೂ ಭಾಳ ಉಳದೈತ್ರೀ. ಆ ಧಾಟಿ ಬ್ಯಾರೆ ಯಾರಿಗೂ ಬರೂದಿಲ್ರೀ."

ಮೆಹಬೂಬ್ ಕರೆಂಟು ಕೊಟ್ಟ. ನಾನು ತಿರುಗಿದೆ, ಆದರೆ ತೋಳು ಟಕ್ ಟಕ್ ಎಂದು ಬಡಿದುಕೊಂಡಿತು. ಅವನು ಗಾಬರಿಯಾಗಿ ಆರಿಸಿದ. ಮೂವರೂ ನನ್ನನ್ನು ಹುಬ್ಬಳ್ಳಿಗೆ ಒಯ್ದರು.

ಹಾಳಾದ ಡಿಸ್ಕುಗಳಿಂದ ಫೈಲು ತೆಗೆಯುವ ಸುನಂದಾ ಬಡಿಗೇರ ನನ್ನನ್ನು ಬಿಚ್ಚಿ ನೋಡಿದಳು. "ಬದಲಿ ತೋಳು ಹಾಕ್ತೀನ್ರಿ. ಆದ್ರ ತಟ್ಟಿ ಮ್ಯಾಲೂ ಗೀರು ಬಿದ್ದಾವು. ಎಷ್ಟೊತ್ತು ತಾಳತೈತೋ ಹೇಳಾಕಾಗಂಗಿಲ್ಲ. ಯಾವ್ದು ಮೊದ್ಲ ತಗೀಲಿ?"

ಶಹನಾಯಿಯ ವಿಷಯ ಗುರುಬಾಯಿಗೆ ಗೊತ್ತಿತ್ತು. ಅವರು ಮೆಹಬೂಬನತ್ತ ಕೈ ತೋರಿಸಿದರು, ಮೊದಲು ಅವನದು ಎಂಬಂತೆ.

ಮೆಹಬೂಬ್ ನೀಲವ್ವನತ್ತ ನೋಡಿದ. "ಬ್ಯಾಡ ಅಕ್ಕಾ," ಎಂದ. "ಅಬ್ಬಾ ಊದಿದ್ದು ನಾ ಕೇಳೀನಿ. ನಿಮ್ಮ ಹಾಡು ಇವ್ರು ಇನ್ನೂ ಕಲೀಬೇಕು."

ಬದಲಿ ತೋಳು ಕೂತ ಮೇಲೆ ನಾನು ತಿರುಗಿದೆ. ಒಂದೊಂದೇ ಹಾಡು ಹೊರಬಂತು. ಸುನಂದಾ ಒಂದನ್ನು ಹಚ್ಚಿದಾಗ ಗುರುಬಾಯಿ ಕೊರಳ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು. ನೀಲವ್ವ ಮೆಲ್ಲಗೆ ದನಿಗೂಡಿಸಿದಳು. ನನಗೋ ಒಳಗೊಳಗೇ ತಳಮಳ, ಶಹನಾಯಿ ಇನ್ನೂ ಉಳಿದಿತ್ತು. ಅದರ ಸರದಿ ಬಂದಾಗ ಹೊಸ ತೋಳೂ ಕುಸಿದು ತಟ್ಟೆಯನ್ನು ಕರಕರ ಕೆರೆಯಿತು. ಸುನಂದಾ ತಟ್ಟನೆ ಕರೆಂಟು ತೆಗೆದಳು. "ಇನ್ನ ಆಗೂದಿಲ್ರಿ," ಎಂದಳು. ಮೆಹಬೂಬ್ ತಲೆಯಾಡಿಸಿದ.

ಈಗ ನಾನು ಅವನ ಕೋಣೆಯ ಕಪಾಟಿನಲ್ಲಿದ್ದೇನೆ. ನೀಲವ್ವ ಮತ್ತು ಇನ್ನಿಬ್ಬರು ಹೆಂಗಸರು ಅಲ್ಲಿಗೇ ಬಂದು ಆ ಹಾಡುಗಳನ್ನು ಕೇಳಿ ಕಲಿಯುತ್ತಾರೆ. ಧಾಟಿ ತಪ್ಪಿದರೆ ಗುರುಬಾಯಿ ಬೆರಳೆತ್ತಿ ನಿಲ್ಲಿಸುತ್ತಾರೆ. ಗುಜರಿಯವನು ನನ್ನನ್ನು ಕೇಳಿದಾಗ ಮೆಹಬೂಬ್ ಕೊಡಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಒಮ್ಮೊಮ್ಮೆ ನನ್ನನ್ನು ಎತ್ತಿ ಕಿವಿಯ ಹತ್ತಿರ ಹಿಡಿಯುತ್ತಾನೆ. ಅವನ ಅಬ್ಬಾ ಇಲ್ಲೇ, ಈ ಗೀರುಗಳ ನಡುವೆಯೇ ಎಲ್ಲೋ ಇದ್ದಾರೆ. ಹೇಳಲು ನನ್ನಿಂದಾಗದು. ಅವನು ಕೇಳಿಸಿಕೊಳ್ಳುತ್ತಲೇ ಇರುತ್ತಾನೆ.