ಕರೆದರೆ ಬರುವ ಆಕ್ಟೋಪಸ್

ಕಲ್ಲು ಮಿಸುಕಾಡಿತು, ಕಲ್ಲಲ್ಲ ಅದು, ಆಕ್ಟೋಪಸ್ಸು, ಕಲ್ಲಿನ ಬಣ್ಣಾನ ಮೈಗೆ ಬಳಕೊಂಡು ಕುಂತೈತಿ, ಊಟಕ್ಕ ಬಂದ ಮಂದಿ ಗಾಜಿಗೆ ಮೂಗು ಒತ್ತಿ ಹುಡುಕಾಕತ್ತಾರ, ಎಲ್ಲಿದೆ, ಕಾಣ್ತಾನೇ ಇಲ್ವಲ್ಲ, ನನಗ ಕಾಣತೈತಿ, ದಿನಾ ಈ ತೊಟ್ಟಿ ತೊಳಿಯಾಕಿ ನಾನ, ಬ್ಯಾರೇದವರು ಬಗ್ಗಿದರ ಮಾರಿಗೆ ನೀರು ಉಗುಳತೈತಿ, ನಾನು ಬಂದರ ಓಡಿ ಬರತೈತಿ, ಯಾದಗಿರಿ ಬಿಟ್ಟು ಬ್ರೂಕ್‌ಫೀಲ್ಡಿನ ಈ ಹೋಟೆಲಿಗೆ ಸೇರಿದ ಮ್ಯಾಲೆ ನನ್ನ ಗುರುತು ಹಿಡಿಯೋ ಜೀವ ಇದೊಂದ — ಮೂರು ಹೃದಯ ಸಾರ್, ರಕ್ತ ನೀಲಿ, ಮೂಳೇನೇ ಇಲ್ಲ, ಮ್ಯಾನೇಜರ್ ಲಿಖಿತ್ ಸಾರು ಗಿರಾಕಿಗೆ ಹೇಳಾಕತ್ತಾರ, ಇಷ್ಟು ದಿನ ಬರೇ ತೋರಸಾಕ ಇಟ್ಟಿದ್ದು, ಇವತ್ತು ಆ ಮನಷ್ಯಾ ಇದನ್ನ ತಿನ್ನಬೇಕು ಅಂದಾನ. ಶೇಖವ್ವಾ, ಎತ್ತಿ ಅಡುಗೆಮನೆಗೆ ಕೊಡಮ್ಮ, ನಿನ್ ಕೈಗೆ ಮಾತ್ರ ಬರೋದು ಅದು. ಸಾರ್, ಅದಕ್ಕ ಆರಾಮಿಲ್ರಿ, ನಿನ್ನೆಯಿಂದ ಏನೂ ತಿಂದಿಲ್ಲ, ಸುಳ್ಳ ಹೇಳಿದೆ ನಾನು, ಹೌದಾ ಅಂತ ಸಾರು ಬಗ್ಗಿ ನೋಡತಾರ, ನಂಬಿದರು, ಇನ್ನೇನು ನಂಬಿದರು — ನನ್ನ ಕಂಡು ಕಲ್ಲು ಬಿಟ್ಟು ಎದ್ದ ಬಿಟ್ಟಿತು, ಕೆಂಪಗ ಹೊಳಕೋತ ಗಾಜಿನಗುಂಟ ನನ್ನ ಕಡೆಗೆ, ಬರಬ್ಯಾಡ, ಬರಬ್ಯಾಡ ನನ್ನವ್ವ, ಕಲ್ಲಾಗೇ ಇರು. ಎಷ್ಟ್ ಚೆನ್ನಾಗಿದೆಯಲ್ಲಮ್ಮ, ಸಾರು ನಗತಾರ.

ಬಕೀಟಿನಾಗ ಹಾಕ್ಕೊಂಡು ಓಡಲೇನು, ಎಲ್ಲಿಗೆ, ವರ್ತೂರು ಕೆರಿ ತುಂಬ ನೊರಿ, ಸಿಹಿನೀರು ಇದಕ್ಕ ವಿಷ, ಸಮುದ್ರ ಯಾವ ದಿಕ್ಕಿಗೈತಿ ಅನ್ನೂದೂ ನನಗ ಗೊತ್ತಿಲ್ಲ, ಕೈ ಆಗಲೇ ನೀರಾಗ, ತಣ್ಣಗ ಮೊಣಕೈತನಕ ಸುತ್ತಿಕೊಂಡಿತು, ಕಣ್ಣು ಹೋದ ಮ್ಯಾಲೆ ಅವ್ವ ಹಿಂಗ ನನ್ನ ಕೈ ಸವರಿ ಸವರಿ, ಶೇಖಿ, ಬಂದ್ಯಾ, ಅನ್ನಾಕಿ, ಬಂದೆ ಬೇ, ಬಂದೆ, ಅಡುಗಿಮನಿ ಬಾಗಿಲು, ಬೆಳ್ಳುಳ್ಳಿ ಕರಿಯೋ ವಾಸನಿ, ಕೊಡಕ್ಕ ಅಂತಾನ ಅಡುಗಿ ಮಲಕಪ್ಪ, ಕೊಡಾಕ ಆಗವಲ್ದೋ ತಮ್ಮಾ, ಒಂದು ತೋಳು ಬಿಡಿಸಿದರ ಇನ್ನೊಂದು ಹಿಡಕೊಳ್ಳತೈತಿ, ಮೈ ಎಲ್ಲಾ ಸುಣ್ಣದಂಗ ಬೆಳ್ಳಗಾತು, ಕಣ್ಣು ಮುಚ್ಚಕ್ಕ ಅಂದ, ಮುಚ್ಚಿದೆ, ಹಲಗಿಗೆ ಕತ್ತಿ ಬಡಿದ ಸಪ್ಪಳ, ಮುಗೀತು ಅಂದ.

ತೆರೆದೆ. ಮುಗಿದಿಲ್ಲ, ಕಡಿದ ತೋಳೊಂದು ನನ್ನ ಮುಂಗೈ ಬಿಟ್ಟಿಲ್ಲ, ಅದಕ್ಕ ಕಡಿದದ್ದು ಗೊತ್ತಿಲ್ಲ, ನಳದ ಕೆಳಗ ಹಿಡಿದೆ, ಬಿಡವಲ್ದು, ಜಗ್ಗಿದೆ, ಬಿಡವಲ್ದು, ಹೊರಗಿಂದ ಸಾರು, ಶೇಖವ್ವಾ, ಟೇಬಲ್ ಒರೆಸಮ್ಮ, ಬಂದೆ ಸಾರ್, ಹೆಂಗ ಬರಲಿ, ಅದು ಹಿಡಕೊಂಡೈತಿ — ಇನ್ನಾ ಬಿಗಿ ಹಿಡಕೊಂಡೈತಿ —