ಇಂದುಮತಿ ಮುಳುಗಿದ್ದು ಹೇಗೆ

"ತಳದ ತಗಡು ತೂತ ಬಿದ್ದಿತ್ತು ತಂಗಿ. ಸಿಮೆಂಟ್ ಮೆತ್ತಿ ಮುಚ್ಚಿದ್ವಿ," ಎಂದು ಕಾಶಿನಾಥ ಹೇಳಿದಾಗ ಬರೆದುಕೊಳ್ಳುತ್ತಿದ್ದ ವೈಶಾಲಿಯ ಪೆನ್ನು ನಿಂತಿತು.

ಜೋಗೇಶ್ವರಿಯ ಆ ಕೋಣೆಯ ಕೆಳಗೆ ಲೇತ್ ಮಷಿನ್ ಓಡುತ್ತಿತ್ತು. ನೆಲ ಸಣ್ಣಗೆ ನಡುಗುತ್ತಿತ್ತು. ಮಂಚದ ಮೇಲೆ ಕೂತ ಈ ಮುದುಕ, ಮೂವತ್ತೆಂಟು ವರ್ಷಗಳ ಹಿಂದೆ ಮುಂಬಯಿ ಬಿಟ್ಟ ಮರುದಿನವೇ ಮುಳುಗಿದ 'ಇಂದುಮತಿ' ಎಂಬ ಸರಕು ಹಡಗಿನಲ್ಲಿ ಬದುಕಿಕೊಂಡ ಮೂವರಲ್ಲಿ ಒಬ್ಬ. ಉಳಿದಿಬ್ಬರು ಈಗಿಲ್ಲ. ಸತ್ತ ಇಪ್ಪತ್ತಮೂರು ಜನರಲ್ಲಿ ವೈಶಾಲಿಯ ಅಪ್ಪ, ಖಲಾಸಿಗಳ ಮೇಸ್ತ್ರಿ ಬಸವಂತಪ್ಪನೂ ಸೇರಿದ್ದ. ಅವನು ಸರಕಿನ ಕೋಣೆಯ ಮುಚ್ಚಳ ಸರಿಯಾಗಿ ಬಿಗಿಸದ ಕಾರಣ ನೀರು ನುಗ್ಗಿತು ಎಂದು ತನಿಖೆಯ ವರದಿ ಹೇಳಿತ್ತು. ಹಾಗೆಂದು ಸಾಕ್ಷಿ ನುಡಿದವನು ಇದೇ ಕಾಶಿನಾಥ.

ಆಗ ವೈಶಾಲಿಗೆ ಹನ್ನೊಂದು ವರ್ಷ. ಆಂಟಾಪ್ ಹಿಲ್‌ನ ಅವರ ಬಿಲ್ಡಿಂಗಿನಲ್ಲೇ ಆ ಹಡಗಿನ ಇನ್ನೂ ಮೂವರು ವಿಧವೆಯರಿದ್ದರು. ಅವ್ವ ನಳದ ಹತ್ತಿರ ಬಂದರೆ ಅವರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ವಿಕ್ರೋಳಿಯ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದ ವೈಶಾಲಿ ತನ್ನ ರಜೆಗಳನ್ನೆಲ್ಲ ಮಾಹಿತಿ ಹಕ್ಕಿನ ಅರ್ಜಿಗಳಿಗೇ ಕಳೆದಿದ್ದಳು. ಹನ್ನೆರಡು ವರ್ಷಗಳಲ್ಲಿ ಸಿಕ್ಕಿದ್ದು ಒಂದೇ ಹಾಳೆ, ಹಡಗಿನ ದುರಸ್ತಿಯ ಪಟ್ಟಿ. ತಳದ ತಗಡುಗಳ ಎದುರು 'ಮಳೆಗಾಲದ ನಂತರ' ಎಂದು ಬರೆದಿತ್ತು. ಇಷ್ಟರಿಂದ ವರದಿ ತಿದ್ದಲಾಗದು ಎಂದು ಅಧಿಕಾರಿಗಳು ಹೇಳಿದ್ದರು.

"ಮತ್ತ ಮುಚ್ಚಳದ ಮಾತು ಯಾಕ ಹೇಳಿದ್ರಿ, ಕಾಕಾ?"

ಕಂಪನಿಯವರು ಹೇಳಿಕೊಟ್ಟಿದ್ದರಂತೆ, ಬೇರೆ ಹಡಗಿನಲ್ಲಿ ಕೆಲಸವನ್ನೂ ಕೊಟ್ಟರಂತೆ. ಈಗ ನಿಜ ಬರೆದು ಸಹಿ ಹಾಕುತ್ತೇನೆ, ಆದರೆ ಒಮ್ಮೆ ಸುಳ್ಳು ಹೇಳಿದವನನ್ನು ಯಾರು ನಂಬುತ್ತಾರೆ ಎಂದ. ಹಡಗು ಹೊರಡುವ ಹಿಂದಿನ ವಾರ ಬಸವಂತಪ್ಪ ತಗಡಿನ ವಿಷಯ ಬರೆದು ಕಂಪನಿಗೆ ಅರ್ಜಿ ಕೊಟ್ಟಿದ್ದನಂತೆ; ನಕಲಿನ ಮೇಲೆ ಆಫೀಸಿನ ಶಿಕ್ಕಾ, ಅಂದರೆ ಮೊಹರು, ಹಾಕಿಸಿಕೊಂಡು ಬಂದಿದ್ದನಂತೆ. ಅದು ಸಿಕ್ಕರೆ ಮಾತ್ರ ಏನಾದರೂ ಆದೀತು.

"ಅದು ಎಲ್ಲೈತಿ?"

ಕಾಶಿನಾಥ ಕಿಟಕಿಯ ಕಡೆ ತಿರುಗಿದ. "ನಿಮ್ಮವ್ವನ್ನ ಕೇಳವ್ವ," ಎಂದ.

ವೈಶಾಲಿ ಮನೆಗೆ ಬಂದಾಗ ಅವ್ವ ನಾಗವ್ವ ನೆಲದ ಮೇಲೆ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ಮಗಳು ಕೇಳಿದಾಗ ತಲೆ ಎತ್ತಲಿಲ್ಲ.

"ಕೊಟ್ಟೆ," ಅಂದಳು. "ನೀಲಕಂಠಪ್ಪನ ಕೈಯಾಗ."

ನೀಲಕಂಠಪ್ಪ ಕಂಪನಿಯ ಗುಮಾಸ್ತ, ತಮ್ಮ ವಿಜಯಪುರದ ಕಡೆಯವನೇ. ಹಡಗು ಮುಳುಗಿದ ಸುದ್ದಿ ಬಂದ ಎರಡನೇ ವಾರ ಬಂದು ಕೂತಿದ್ದನಂತೆ. ಈ ಖೋಲಿ ಕಂಪನಿಯದು, ಆ ಕಾಗದ ಕೊಟ್ಟರೆ ನಿಮ್ಮ ಹೆಸರಿಗಾಗುತ್ತದೆ, ಇಲ್ಲವಾದರೆ ತಿಂಗಳೊಳಗೆ ಬಿಡಬೇಕು ಎಂದನಂತೆ.

"ನೀ ಜ್ವರಾ ಬಂದು ಮಲಗಿದ್ದಿ. ತಮ್ಮಗ ಎರಡು ವರ್ಷ. ನಿಮ್ಮನ್ನ ಕರ್ಕೊಂಡು ಎಲ್ಲಿ ಹೋಗಲಿ?" ನಾಗವ್ವ ಒಂದು ಕಡ್ಡಿ ಮುರಿದಳು. "ಯಾರಿಗೂ ಕೊಡಬ್ಯಾಡ ಅಂತ ನಿಮ್ಮಪ್ಪ ಹೇಳೇ ಹೋಗಿದ್ರು."

"ಹನ್ನೆರಡು ವರ್ಷ ನಾ ತಿರಗೂದು ನೋಡಿದ್ಯಲ್ಲ, ಅವ್ವಾ."

ಬಿಡಿಸಿದ ಎಲೆ, ಬಿಸಾಡುವ ಕಡ್ಡಿ ಎಲ್ಲ ನಾಗವ್ವನ ಕೈಯಲ್ಲಿ ಒಂದಾಗಿಬಿಟ್ಟಿತು.

ಮುಂದಿನ ವಾರ ಫೋರ್ಟ್‌ನ ಕಚೇರಿಯಲ್ಲಿ, ವರದಿ ತಿದ್ದಬೇಕೆಂಬ ವೈಶಾಲಿಯ ಮನವಿಯ ಕೊನೆಯ ವಿಚಾರಣೆ. ಸತ್ತವರ ಮಕ್ಕಳು ನಾಲ್ಕೈದು ಜನ ಹಿಂದಿನ ಕುರ್ಚಿಗಳಲ್ಲಿದ್ದರು. ಕಾಶಿನಾಥನ ಹೇಳಿಕೆ ಓದಿದ ಅಧಿಕಾರಿ, ನಿಮ್ಮ ಅಪ್ಪ ಕಂಪನಿಗೆ ಕೊಟ್ಟ ಅರ್ಜಿಯ ನಕಲು ನಿಮ್ಮ ಮನೆಯಲ್ಲಿತ್ತೇ ಎಂದು ಹಿಂದಿಯಲ್ಲಿ ಕೇಳಿದ. ಇತ್ತು ಎಂದರೆ ಅದು ಏನಾಯಿತು ಎಂದು ಕೇಳುತ್ತಾರೆ; ಎಂಬತ್ತರ ಅವ್ವನನ್ನು ಕರೆಸಿ ಇವರೆಲ್ಲರ ಮುಂದೆ ನಿಲ್ಲಿಸುತ್ತಾರೆ. ನೀಲಕಂಠಪ್ಪ ಸತ್ತಿದ್ದ, ಕಂಪನಿ ಎಂದೋ ಮುಚ್ಚಿತ್ತು. ಉತ್ತರ ಕೊಡಲು ಉಳಿದವಳು ನಾಗವ್ವ ಒಬ್ಬಳೇ.

"ನಹೀ ಸಾಬ್," ಎಂದಳು ವೈಶಾಲಿ. "ಐಸಾ ಕೋಯೀ ಕಾಗಜ್ ಘರ್ ಮೇ ನಹೀ ಥಾ." ಅಂಥ ಕಾಗದ ಮನೆಯಲ್ಲಿ ಇರಲೇ ಇಲ್ಲ ಎಂದುಬಿಟ್ಟಳು.

ಸಾಕ್ಷ್ಯ ಸಾಲದು, ಹಳೆಯ ವರದಿಯೇ ಖಾಯಂ ಎಂದು ಅಧಿಕಾರಿ ಬರೆಸಿದ. ಬಸವಂತಪ್ಪನ ಹೆಸರಿನ ಕೆಳಗೆ ಅವಳು ಸಹಿ ಮಾಡಿದಳು.

ಮನೆಗೆ ಹೋಗಲು ಮನಸ್ಸಾಗದೆ ಎರಡು ಸ್ಟೇಷನ್ ಮೊದಲೇ, ಶಿವಡಿಯಲ್ಲಿ, ಲೋಕಲ್ ಇಳಿದು ಜೆಟ್ಟಿಯವರೆಗೆ ನಡೆದಳು. ಕಡಲಿನ ಇಳಿತದ ಹೊತ್ತು. ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದಿತ್ತು. ದೋಣಿಗಳು ಕೆಸರಿನಲ್ಲಿ ಒಂದೇ ಬದಿಗೆ ವಾಲಿಕೊಂಡು, ತುಕ್ಕು ಹಿಡಿದ ತಳಗಳನ್ನು ಬಿಸಿಲಿಗೆ ತೋರಿಸುತ್ತ ಮಲಗಿದ್ದವು.