ಮೊದಲು ಕೆರೆದವಳು

ಅಕ್ಕನ ಮನೆಗೆ ಬಂದು ಎರಡು ದಿನವಾಗಿತ್ತಷ್ಟೆ, ಪುಟ್ಟಿಗೆ ಮೈಯೆಲ್ಲ ತುರಿಕೆ ಶುರುವಾಯಿತು. ಬೆರಳುಸಂದಿ, ಮಣಿಕಟ್ಟು, ಸೊಂಟ. ಒಂದು ಕಡೆ ಕೆರೆದರೆ ಇನ್ನೊಂದು ಕಡೆ ಕರೆಯುತ್ತಿತ್ತು. ಹೊಲಿಗೆಯೇ ಕಸುಬಾದವಳಿಗೆ ಬೆರಳೇ ಮಾತು ಕೇಳದಿದ್ದರೆ ಹೇಗೆ? ಅಕ್ಕನ ಹೊಸ ಅಂಗಿಗೆ ತೋಳನ್ನು ತಿರುವುಮುರುವಾಗಿ ಕೂರಿಸಿಬಿಟ್ಟಳು.

ಭಾವ ಕುಸ್ತಿ ಕಲಿಸುವ ಮೇಷ್ಟ್ರು, ಬಾಗಿಲಿನಷ್ಟು ಅಗಲ. ಅವಳ ಕೈಯನ್ನು ದೂರದಿಂದಲೇ ನೋಡಿ ಗೋಡೆಗೆ ಒತ್ತಿಕೊಂಡರು.

"ಕಜ್ಜಿ! ಊರ ಕಜ್ಜಿನೆಲ್ಲ ಗಂಟು ಕಟ್ಕೊಂಡು ನಮ್ಮನೆಗೇ ತಂದ್ಯಲ್ಲಮ್ಮ!"

"ಬರೋವಾಗ ಚೆನ್ನಾಗೇ ಇದ್ದೆ ಭಾವ!"

"ಮತ್ತೆ ಇಲ್ಲಿ ಯಾರಿಗಿದೆ? ನಾನಾಗಲಿ ನಿಮ್ಮಕ್ಕ ಆಗಲಿ ಕೆರ್ಕೊಳೋದು ನೋಡಿದ್ಯಾ?"

ಬಂದ ರಾತ್ರಿ ಅಕ್ಕತಂಗಿಯರು ಒಂದೇ ಹೊದಿಕೆಯೊಳಗೆ ತಬ್ಬಿ ಮಲಗಿ ಹರಟಿದ್ದರು. ಭಾವ ಆ ಹೊದಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿಗೆ ಎಸೆದು ಬಂದರು. ಅವಳಿಗೆ ಕುರ್ಚಿ ಬೇರೆ, ಲೋಟ ಬೇರೆ. ಅಳುವೂ ಬಂತು, ಅಷ್ಟು ದೊಡ್ಡ ಪೈಲ್ವಾನರು ತನ್ನನ್ನು ಕಂಡು ಹೆದರುವುದಕ್ಕೆ ನಗುವೂ ಬಂತು.

ಡಾಕ್ಟರಮ್ಮ ಮೂವರನ್ನೂ ಒಟ್ಟಿಗೆ ಬರಹೇಳಿದರು. ಪುಟ್ಟಿಯನ್ನು ಪರೀಕ್ಷಿಸಿದ ಭೂತಗನ್ನಡಿ ಭಾವನ ಬೆರಳುಸಂದಿಗೂ ಬಂತು, ಅಲ್ಲೇ ನಿಂತಿತು.

"ಮೇಷ್ಟ್ರೇ, ಇಲ್ಲಿ ನೋಡಿ, ಬಿಲದ ಮೇಲೆ ಬಿಲ. ಹುಳಗಳು ಮನೆ ಮಾಡಿ ತುಂಬಾ ದಿನ ಆಗಿದೆ."

"ನನಗೆ ತುರಿಕೆನೇ ಇಲ್ವಲ್ಲ!"

"ತುರಿಕೆ ಬರಿಸೋದು ನಿಮ್ಮ ಮೈಯೇ. ಹುಳ ಚರ್ಮ ಕೊರೆದು ಮೊಟ್ಟೆ ಇಡುತ್ತೆ, ಹೊಲಸು ಮಾಡುತ್ತೆ. ರಕ್ತದ ಕಾವಲು ಕಣಗಳು ಅದನ್ನ ಶತ್ರು ಅಂತ ಗುರುತು ಹಿಡಿದು ಮೇಲೆ ಬಿದ್ದಾಗ್ಲೇ ಊತ, ತುರಿಕೆ ಎಲ್ಲ. ಮೊದಲ ಸಲ ಗುರುತು ಹಿಡಿಯೋಕೆ ತಿಂಗಳಾದ್ರೂ ಬೇಕು. ಮುಂಚೆ ಕಂಡಿದ್ರೆ ಒಂದೆರಡು ದಿನಕ್ಕೇ ಎದ್ದು ನಿಲ್ಲುತ್ತವೆ." ಪುಟ್ಟಿಯತ್ತ ತಿರುಗಿದರು. "ನಿಮಗೆ ಹಿಂದೆ ಯಾವಾಗಾದ್ರೂ ಆಗಿತ್ತಾ?"

"ಹಾಸ್ಟೆಲ್‌ನಲ್ಲಿದ್ದಾಗ. ಇಡೀ ರೂಮಿಗೇ ಆಗಿತ್ತು."

"ಹಾಗಾದ್ರೆ ತಂದವರು ಇವರು. ಕಂಡುಹಿಡಿದವರು ನೀವು."

ಭಾವನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಅಖಾಡದಲ್ಲಿ ಯಾರ್ಯಾರನ್ನ ತಬ್ಕೊಂಡ್ರೋ!" ಎಂದಳು ಅಕ್ಕ. ಡಾಕ್ಟರಮ್ಮನೂ ನಕ್ಕುಬಿಟ್ಟರು.

ಅವತ್ತೇ ಬಟ್ಟೆಬರೆಯೆಲ್ಲ ಬಿಸಿನೀರಿಗೆ ಬಿತ್ತು. ಕತ್ತಿನಿಂದ ಕಾಲಿನವರೆಗೆ ಮೂವರಿಗೂ ಮುಲಾಮು. ಚಡ್ಡಿಯಲ್ಲಿ ಕೂತ ಭಾವನ ಬೆನ್ನು ಮುಗಿಯುವಷ್ಟರಲ್ಲಿ ಅಕ್ಕನ ಕೈ ಸೋತುಹೋಯಿತು. "ಇದೇನು ಬೆನ್ನೋ ಬಯಲೋ!" ಎಂದು ಗೊಣಗಿದಳು. ಪಕ್ಕದ ಕೋಣೆಯಲ್ಲಿ ಮುಲಾಮು ಹಚ್ಚಿಕೊಳ್ಳುತ್ತಿದ್ದ ಪುಟ್ಟಿ ಬಿದ್ದು ಬಿದ್ದು ನಕ್ಕಳು.

ಮಜಾ ಆಮೇಲೆ. ಮುಂದಿನ ವಾರ ಭಾವನಿಗೆ ತುರಿಕೆ ಹತ್ತಿತು. ಹೌಹಾರಿ ಫೋನ್ ಮಾಡಿದರು.

"ಹುಳ ಸತ್ತಿದ್ರೂ ಹೆಣ ಇನ್ನೂ ಚರ್ಮದಲ್ಲೇ ಇದೆ," ಎಂದರು ಡಾಕ್ಟರಮ್ಮ. "ನಿಮ್ಮ ಕಾವಲಿನವರಿಗೆ ಈಗ ಎಚ್ಚರ ಆಗಿದೆ. ಕೆಲವು ವಾರ ಇರುತ್ತೆ, ಆಮೇಲೆ ಇಳಿಯುತ್ತೆ. ತುರಿಕೆಗೆ ಮಾತ್ರೆ ಬರೆದುಕೊಡ್ತೀನಿ."

ಫೋನಿಟ್ಟ ಭಾವ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ, ಕಣ್ಣು ಮುಚ್ಚಿ, ತೀರ ಮೆತ್ತಗೆ ಕೇಳಿದರು: "ಪುಟ್ಟಿ, ನಿನ್ನ ಅಳತೆ ಕೋಲು ಒಂದ್ನಿಮಿಷ ಕೊಡ್ತೀಯಾಮ್ಮ?"

ಅಕ್ಕ ಹೊಟ್ಟೆ ಹಿಡಿದು ನಕ್ಕಳು. ನಗುನಗುತ್ತಲೇ ಸೊಂಟ ಕೆರೆದುಕೊಂಡಳು.